ಟರ್ಮಿನಲ್‌ನಲ್ಲಿ ಕನ್ನಡದ ವೇಗದ ಓದು: ಮೂರನೇ ವಾರ

ಸೋಮವಾರಪೇಟೆಯಲ್ಲಿ ಮಳೆ ಹೊಳವಾಗುವ ಲಕ್ಷಣವಿಲ್ಲ. ಕರೆಂಟ್ ಇದ್ದಾಗ ಲ್ಯಾಪ್‌ಟಾಪ್ ಚಾರ್ಜ್ ಮಾಡಿಕೊಂಡು ‘ಸ್ಪೀಡ್‌ರೀಡ್’ ಎಂಬ ಸ್ಕ್ರಿಪ್ಟಿಗೆ, ಅಂದರೆ ಪರ್ಲ್ ಭಾಷೆಯಲ್ಲಿ ಬರೆದ ಪುಟ್ಟ ಪ್ರೋಗ್ರಾಮಿಗೆ, ಕನ್ನಡ ಕಲಿಸುತ್ತಿದ್ದೇನೆ. ಟರ್ಮಿನಲ್ ಎಂಬ ಬರೀ ಅಕ್ಷರಗಳ ಕಿಟಕಿಯಲ್ಲಿ ಕಡತವೊಂದನ್ನು ಅದಕ್ಕೆ ಪೈಪ್ ಮಾಡಿದರೆ (ಹಾಯಿಸಿದರೆ) ಒಂದೊಂದೇ ಪದ ಒಂದೇ ಜಾಗದಲ್ಲಿ ಮೂಡಿ ಮರೆಯಾಗುತ್ತದೆ, ಕಣ್ಣು ಸಾಲಿನುದ್ದಕ್ಕೂ ಓಡಬೇಕಿಲ್ಲ. ನೋಟ ನೆಡಲೆಂದು ಪ್ರತಿ ಪದದಲ್ಲೂ ಒಂದು ಅಕ್ಷರ ಕೆಂಪಗಿರುತ್ತದೆ.

ಇಂಗ್ಲಿಷಿನಲ್ಲಿ ಸೊಗಸಾಗಿದೆ. ಆದರೆ ‘ಮಡಿಕೇರಿ’ ಕೊಟ್ಟರೆ ಕೆಂಪು ಬಿದ್ದದ್ದು ‘ಡಿ’ಯ ಗುಡಿಸಿನ ಮೇಲೆ! ಗುಡಿಸು ವ್ಯಂಜನದಿಂದ ಕಳಚಿ ಚುಕ್ಕಿವೃತ್ತದ ಮೇಲೆ ಕೂತಿತ್ತು. ನಮಗೆ ‘ಮಡಿಕೇರಿ’ 4 ಅಕ್ಷರ, ಕಂಪ್ಯೂಟರ್ ಲಿಪಿಗಳನ್ನು ಗುರುತಿಸುವ ಯೂನಿಕೋಡ್ ಲೆಕ್ಕದಲ್ಲಿ 7 ಸಂಕೇತ. ಏಳರ ಪದಕ್ಕೆ ಮೂರನೆಯದನ್ನು ಕೆಂಪಾಗಿಸುವುದು ಸ್ಕ್ರಿಪ್ಟಿನ ನಿಯಮ, ಇಲ್ಲಿ ಮೂರನೆಯದೇ ಗುಡಿಸು.

ಅಕ್ಷರವನ್ನು ಅದರ ಚಿಹ್ನೆಗಳ ಸಮೇತ ಹಿಡಿಯುವ ಪರ್ಲ್‌ನ ಬ್ಯಾಕ್‌ಸ್ಲ್ಯಾಶ್ ಎಕ್ಸ್ (\X) ಬಳಸಿದೆ. ಗುಡಿಸು, ಕೊಂಬು ಎಲ್ಲ ಅಂಟಿಕೊಂಡವು, ಒತ್ತಕ್ಷರ ಮಾತ್ರ ಸೀಳಿತು: ‘ಅಮ್ಮತ್ತಿ’ಯ ‘ಮ್ಮ’ ಎರಡಾಗಿ, ಅರ್ಧ ಕೆಂಪು, ಅರ್ಧ ಬಿಳಿ. ಕೊನೆಗೆ ವ್ಯಂಜನ, ವಿರಾಮ (ಅರ್ಧಾಕ್ಷರದ ಚಿಹ್ನೆ), ಮತ್ತೆ ವ್ಯಂಜನ, ಸ್ವರಚಿಹ್ನೆ ಎಂಬ ಸರಣಿಯನ್ನೇ ಒಂದು ಅಕ್ಷರವೆಂದು ಹಿಡಿಯುವ ರೆಗೆಕ್ಸ್ (ಹುಡುಕುವ ವಿನ್ಯಾಸ) ನಾನೇ ಬರೆದೆ. ‘ಮ್ಮ’ ಇಡಿಯಾಗಿ ಕೆಂಪಾಗಿ ಬಂದಾಗ ಆದ ಖುಷಿ ಹೇಳತೀರದು.

ವೇಗದ ವಿಷಯ ಇನ್ನೂ ದೊಡ್ಡದು. ನಿಮಿಷಕ್ಕೆ 250 ಪದ ಮೊದಲೇ ಇಟ್ಟಿರುವ ವೇಗ. ಉದ್ದ ಪದಕ್ಕೆ ತುಸು ಹೆಚ್ಚು ಹೊತ್ತು ಕೊಡುತ್ತದೆ, ನಿಜ. ಆದರೆ ‘ಹೋಗಬೇಕಾಗಿದ್ದುದರಿಂದ’ ಎಂಬ ಒಂದೇ ಪದದಲ್ಲಿ ನಾವು ಅರ್ಧ ವಾಕ್ಯ ಮುಗಿಸಿರುತ್ತೇವೆ, ಅದಕ್ಕೆ ಆ ತುಸು ಸಾಲದು. ಪದ ಎಣಿಸುವುದನ್ನೇ ಬಿಟ್ಟೆ. ಈಗ ಪ್ರತಿ ಪದಕ್ಕೆ 150 ಮಿಲಿಸೆಕೆಂಡ್, ಮೇಲೆ ಅಕ್ಷರಕ್ಕೆ 70ರಂತೆ. ‘ಮನೆ’ಗೆ 290, ಮೇಲಿನ ಪದಕ್ಕೆ 780. ಓದು ಮಾತಿನ ಲಯಕ್ಕೆ ಬಂತು.

ನಿನ್ನೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಕಲಸುವ ಟಿಪ್ಪಣಿ ಹಾಕಿ ಅಪ್ಪನ ಮುಂದಿಟ್ಟೆ. ಶೇಕಡಾ ಒಂದರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. “ಸುಣ್ಣ ಎಷ್ಟು ಅಂದ್ಯೋ? ಹಿಂದೆ ಹೋಗು” ಅಂದರು. ಹಿಂದೆ ಹೋಗುವ ಕೀಲಿಯೇ ಅದರಲ್ಲಿಲ್ಲ! ಸ್ಪೇಸ್ ಒತ್ತಿದರೆ ನಿಲ್ಲುತ್ತದೆ, ಚೌಕ ಆವರಣದ ಕೀಲಿಗಳಿಂದ ವೇಗ ಏರುತ್ತದೆ, ಇಳಿಯುತ್ತದೆ, ಅಷ್ಟೇ. ಕಣ್ಣು ಹಿಂದಕ್ಕೆ ಹೊರಳುವುದು ಓದಿನ ದೋಷವಲ್ಲ, ಅರ್ಥ ಕೂಡಿಸಿಕೊಳ್ಳುವ ದಾರಿ. ಅದನ್ನು ತಡೆದರೆ ಗ್ರಹಿಕೆ ಕುಗ್ಗುತ್ತದೆಂದು 2014ರಲ್ಲಿ ಎಲಿಜಬೆತ್ ಶಾಟರ್, ಕೀತ್ ರೇನರ್ ಮೊದಲಾದ ಮನೋವಿಜ್ಞಾನಿಗಳ ಪ್ರಯೋಗವೂ ತೋರಿಸಿದೆ. ರಾತ್ರಿಯೇ ಕೂತು ಒಂದು ವಾಕ್ಯ ಹಿಂದಕ್ಕೆ ಹೋಗುವ ಕೀಲಿ ಸೇರಿಸಿದೆ, ಅಂಕಿಯಿರುವ ಪದಕ್ಕೆ ಎರಡು ಪಟ್ಟು ಹೊತ್ತು ಕೊಟ್ಟೆ.

ಉಳಿದದ್ದು ಕೆಂಪು ಅಕ್ಷರದ ಅಲುಗಾಟ. ಅಕ್ಷರ ಕೂರುವ ಟರ್ಮಿನಲ್ ಮನೆಗಳು ಒಂದೇ ಅಗಲದವು, ನಮ್ಮ ಅಕ್ಷರಗಳು ಹಾಗಲ್ಲ. ಪದದಲ್ಲಿ ಕೆಂಪು ಅಕ್ಷರದ ಎಡಕ್ಕಿರುವ ಭಾಗದ ಅಗಲವನ್ನಷ್ಟೇ ಅಳೆದು ಜಾಗ ಬಿಡುವ ಪ್ರಯತ್ನ ಇವತ್ತು ಶುರು.