ಡಿನ್ನಾ ಬಿ ಬ್ಲೇಟ್!

ಎಡಿನ್‌ಬರೋದ ನಮ್ಮ ಪಕ್ಕದ ಮನೆ ಅಜ್ಜಿ ಇವತ್ತು ಟೀಗೆ ಕರೆದಿದ್ದರು. ತಟ್ಟೆ ತುಂಬಾ ಶಾರ್ಟ್‌ಬ್ರೆಡ್, ಅಂದರೆ ಬೆಣ್ಣೆ ಬಿಸ್ಕತ್ತು. ನಾನು ಒಂದೇ ಒಂದು ತಗೊಂಡು ಸುಮ್ನೆ ಕೂತಿದ್ದೆ.

"ಡಿನ್ನಾ ಬಿ ಬ್ಲೇಟ್" ಅಂದರು.

ಲೇಟಾ? ಪ್ಲೇಟಾ? ಪೆಚ್ಚಾಗಿ ನಕ್ಕೆ.

ಸ್ಕಾಟ್ಲೆಂಡಿನ ಸ್ಕಾಟ್ಸ್ ಭಾಷೆಯ ಮಾತಂತೆ. ಬ್ಲೇಟ್ ಅಂದರೆ ನಾಚಿಕೆಯವನು, ಹಿಂಜರಿಯುವವನು. ನಮ್ಮ ಕಡೆ ಊಟಕ್ಕೆ ಕೂತಾಗ "ಸಂಕೋಚ ಮಾಡ್ಕೋಬೇಡಿ" ಅಂತಾರಲ್ಲ, ಥೇಟ್ ಅದೇ!

ಮನೆಗೆ ಬಂದು ನಿಘಂಟು ತೆಗೆದೆ. ಹಳೆಯ ಇಂಗ್ಲಿಷಿನಲ್ಲಿ 'ಬ್ಲಾಟ್' ಅಂದರೆ ಬಿಳಿಚಿಕೊಂಡ. ಅದರಿಂದಲೇ ಬಂದಿರಬಹುದು ಅಂತಾರೆ. ನಾಚಿದರೆ ಮುಖ ಕೆಂಪಾಗಬೇಕು ಅಲ್ವಾ? ಆದರೆ ಹೊಸಬರ ಮನೆಯಲ್ಲಿ ನನ್ನ ಮುಖ ಬಿಳಿಚಿಕೊಳ್ಳೋದೇ ಜಾಸ್ತಿ. ಆ ಲೆಕ್ಕದಲ್ಲಿ ಸರಿಯಾಗಿದೆ.

ಇನ್ನೂ ಚೆಂದದ್ದು ಒಂದಿದೆ. ತಡವಾಗಿ ಮೇಲೇಳುವ ಹುಲ್ಲು, ಪೈರಿಗೂ ಬ್ಲೇಟ್ ಅಂತಿದ್ದರಂತೆ. ನೆಲದಿಂದ ತಲೆ ಎತ್ತೋಕೆ ನಾಚುವ ಪೈರು! ಇದನ್ನು ಓದಿ ಸ್ವಲ್ಪ ಹೊತ್ತು ಹಾಗೇ ಕೂತೆ.

ಗಾದೆಯೂ ಇದೆ. ಬೆಕ್ಕು ಬ್ಲೇಟ್ ಆದರೆ ಇಲಿಗೆ ಕೊಬ್ಬು.

ಅಂದಹಾಗೆ, ಕೊನೆಗೆ ನಾಲ್ಕು ಶಾರ್ಟ್‌ಬ್ರೆಡ್ ತಿಂದೆ. "ಯು ಆರ್ ನೋ ಬ್ಲೇಟ್" ಅಂದರು ಅಜ್ಜಿ. ಅದು ಹೊಗಳಿಕೆ ಅಲ್ಲ ಅಂತ ನಿಘಂಟು ನೋಡಿದ ಮೇಲೆ ಗೊತ್ತಾಯಿತು.