ಪಾಸ್‌ವರ್ಡ್ ದುಬೈಯಲ್ಲಿ, ಲೆಕ್ಕ ಬದಿಯಡ್ಕದಲ್ಲಿ

ಕಳೆದ ಮಾರ್ಚ್ ಕೊನೇ ವಾರ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ಅಂಗಡಿಯಲ್ಲಿ ಅಡಿಕೆ ತೂಗ್ತಾ ಉಂಟು, ಬೆಳ್ಳೂರಿಂದ ಬಂದ ಹಿರಿಯರೊಬ್ರು ನಾಲ್ಕು ಗೋಣಿ ಇಳಿಸಿ ಬಿಲ್ಲಿಗೆ ಕಾಯ್ತಾ ಕೂತಿದ್ದಾರೆ, ಇತ್ತ ಕಂಪ್ಯೂಟರಲ್ಲಿ ಶೀಟ್ ಓಪನ್ ಆಗ್ತದೆ ಆದ್ರೆ ಒಂದಕ್ಷರ ಟೈಪ್ ಮಾಡ್ಲಿಕ್ಕೆ ಬಿಡುದಿಲ್ಲ. ವರ್ಷ ವರ್ಷ ದುಡ್ಡು ಕಟ್ಟುವ ಸಾಫ್ಟ್‌ವೇರ್ ಅದು, ಸಬ್‌ಸ್ಕ್ರಿಪ್ಷನ್ ಮುಗಿದಿದೆ ಅಂತ ಮೇಲೆ ಬರ್ತದೆ. ಚೋಲು, ಹೊಸತ್ತು, ಪಟೋರ, ಉಳ್ಳಿ, ಕೋಕ, ಹೀಗೆ ಅಡಿಕೆಯ ಒಂದೊಂದು ಬಗೆಯ ಎಲ್ಲ ಕಾಲಂ ಕಣ್ಣೆದುರೇ ಉಂಟು, ರೇಟ್ ಹಾಕ್ಲಿಕ್ಕೆ ಆಗುದಿಲ್ಲ. ನಮ್ಮದೇ ಲೆಕ್ಕ ಮಾರಾಯ್ರೆ, ನಾವೇ ಬರೆದದ್ದು.

ದುಡ್ಡು ಕಟ್ಟುವಾ ಅಂದ್ರೆ ಅಕೌಂಟ್ ಇದ್ದದ್ದು ಮುಂಚೆ ಲೆಕ್ಕ ಬರೀತಿದ್ದ ಹುಡುಗನ ಸ್ವಂತ ಮೈಲ್ ಐಡಿಯಲ್ಲಿ, ಅವ ದುಬೈಗೆ ಹೋಗಿ ಎಂಟು ತಿಂಗಳಾಯ್ತು, ಊರಿನ ಸಿಮ್ ಬಂದ್, ಒಟಿಪಿ ಹೋಗುದು ಅದಕ್ಕೇ. ಅವನ ತಪ್ಪಲ್ಲ, "ಈಗ ನಿನ್ನ ಮೈಲಲ್ಲೇ ಮಾಡು" ಹೇಳಿದ್ದು ನಾನೇ. ಎರಡೂವರೆ ದಿನ ಕೈಯಲ್ಲಿ ಬಿಲ್ ಬರೆದದ್ದು, ಆಮೇಲೆ ರಾತ್ರಿ ಕೂತು ಎಲ್ಲ ಪುನಃ ಟೈಪ್ ಮಾಡಿದ್ದು. ಸಾಫ್ಟ್‌ವೇರಿನ ಬಿಲ್ ಅವನ ಹೆಸರಲ್ಲಿ ಆದ ಕಾರಣ ಅದರಲ್ಲಿ ನಮ್ಮ ಜಿಎಸ್‌ಟಿ ನಂಬರ್ ಇಲ್ಲ, ಹಾಗಾಗಿ 18 ಪರ್ಸೆಂಟ್ ಟ್ಯಾಕ್ಸಿನ ಇನ್‌ಪುಟ್ ಕ್ರೆಡಿಟ್, ಅಂದ್ರೆ ಕೊಟ್ಟ ಟ್ಯಾಕ್ಸನ್ನು ನಾವು ಕಟ್ಟುವ ಜಿಎಸ್‌ಟಿಯಲ್ಲಿ ಕಳೆಯುವ ಅವಕಾಶ, ಅದು ಕೂಡ ಹೋಯ್ತು.

ತೆಗೊಳ್ಳುವಾಗ ನಾವು ನೋಡಿದ್ದು ವರ್ಷಕ್ಕೆ ಎಷ್ಟು ಅಂತ ಮಾತ್ರ. ಲೈಸೆನ್ಸ್ ಯಾರ ಹೆಸರಲ್ಲಿ, ಎಷ್ಟು ಕಂಪ್ಯೂಟರಿಗೆ, ಯಾವಾಗ ಮುಗೀತದೆ, ಇದನ್ನೆಲ್ಲ ನೆನಪಿಟ್ಟುಕೊಳ್ಳುದೇ ಒಬ್ಬನ ಕೆಲಸ, ಅದಕ್ಕೆ ಯಾರೂ ಸಂಬಳ ಲೆಕ್ಕ ಹಾಕುದಿಲ್ಲ. ಒಮ್ಮೆ ದುಡ್ಡು ಕೊಟ್ಟು ಪೂರ್ತಿ ತೆಗೊಂಡ್ರೂ ಅದು ಕಾಯಂ ಅಲ್ಲ, ಮೈಕ್ರೋಸಾಫ್ಟ್ ಆಫೀಸ್ 2016 ಮತ್ತು 2019, ಎರಡರ ಸಪೋರ್ಟೂ 2025 ಅಕ್ಟೋಬರ್ 14ಕ್ಕೇ ಮುಗೀತು. ಕ್ರ್ಯಾಕ್ ಹಾಕಿದ್ರಾಯ್ತು ಹೇಳುವವರಿಗೆ ನಾನು ಹೇಳುದು ಒಂದೇ, ಕಾಪಿರೈಟ್ ಕಾಯ್ದೆಯ 63ಬಿ ಸೆಕ್ಷನ್ ಓದಿ, ಗೊತ್ತಿದ್ದೂ ಕಳ್ಳ ಕಾಪಿ ಬಳಸಿದ್ರೆ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ.

ಇನ್ನೊಂದು ಉಂಟು. ಜಿಎಸ್‌ಟಿಯಲ್ಲಿ ಲೆಕ್ಕಪತ್ರವನ್ನು ವಾರ್ಷಿಕ ರಿಟರ್ನಿನ ಕೊನೇ ತಾರೀಕಿಂದ 72 ತಿಂಗಳು ಇಟ್ಟುಕೊಳ್ಬೇಕು. ಅಷ್ಟೂ ವರ್ಷ ಆ ಫೈಲಲ್ಲಿ ಕೆಲಸ ಮಾಡ್ಲಿಕ್ಕೆ ಆಗ್ತಾ ಇರ್ಬೇಕಲ್ಲ, ಅದಕ್ಕೆ ಬೇಕಾಗಿ ವರ್ಷ ವರ್ಷ ಬಾಡಿಗೆ ಕಟ್ಟುದು ನನಗೆ ಸರಿ ಕಾಣುದಿಲ್ಲ.

ಸಾಫ್ಟ್‌ವೇರ್ ಬದಲಾಯಿಸ್ಲಿಕ್ಕೆ ನಾನು ಹೆದರಿದ್ದು ಕಲಿಸುವ ಖರ್ಚಿಗೆ. ಈಗ ಲೆಕ್ಕಕ್ಕೆ ಇರುವವಳು ನೀರ್ಚಾಲು ಕಡೆಯ ಹುಡುಗಿ, ಕನ್ನಡ ಮೀಡಿಯಂ. ದುಡ್ಡು ಕೊಡದೆ ಸಿಗುವ ಲಿಬ್ರೆ ಆಫೀಸ್ ಹಾಕಿದ್ರೆ ಹೇಗೆ ಅಂತ ಕೇಳಿದೆ. "ನಮಗೆ ಶಾಲೆಯಲ್ಲಿ ಇದ್ದದ್ದು ಅದೇ ಅಲ್ವಾ" ಅಂದಳು. ಹೌದಲ್ಲ, ಕೇರಳದ ಶಾಲೆಗಳಲ್ಲಿ ಮಕ್ಕಳು ಐಟಿ ಕಲಿಯುದೇ ವಿಂಡೋಸಿನ ಬದಲು ಹಾಕುವ ಲಿನಕ್ಸಲ್ಲಿ, ಅದರ ಜೊತೆ ಇರುದು ಲಿಬ್ರೆ ಆಫೀಸೇ, ಎಸ್ಸೆಸ್ಸೆಲ್ಸಿ ಪ್ರಾಕ್ಟಿಕಲ್ ಪರೀಕ್ಷೆಯೂ ಅದರಲ್ಲೇ. ಇನ್ನೂರು ಜನ ಕೃಷಿಕರಿಗೆ ಬಾಕಿ ಲೆಕ್ಕದ ಪತ್ರ ಕಳಿಸ್ಲಿಕ್ಕಿತ್ತು, ಮೊದಲೆಲ್ಲ ಒಂದೊಂದೇ ಹೆಸರು ತಿದ್ದಿ ಪ್ರಿಂಟ್ ತೆಗೀತಿದ್ದದ್ದು, ಅವಳು ಹತ್ತನೇ ಕ್ಲಾಸಲ್ಲಿ ಕಲಿತ ಮೈಲ್ ಮರ್ಜ್ ಹಾಕಿ, ಅಂದ್ರೆ ಪಟ್ಟಿಯಿಂದ ಹೆಸರು ತಾನಾಗಿ ಪತ್ರಕ್ಕೆ ಬರುವ ಹಾಗೆ ಮಾಡಿ, ಊಟದ ಮೊದಲು ಮುಗಿಸಿದಳು. ಅಂದ್ರೆ ಇಷ್ಟು ವರ್ಷ ನಾವು ಉಲ್ಟಾ ಮಾಡಿದ್ದು, ಅವರಿಗೆ ಬರುವುದನ್ನು ಬಿಟ್ಟು ಬಾರದ್ದನ್ನು ದುಡ್ಡು ಕೊಟ್ಟು ತಂದು ಸಂಬಳ ಕೊಟ್ಟು ಕಲಿಸಿದ್ದು.

ಎಲ್ಲ ಸಲೀಸಾಗಿ ಆಯ್ತು ಅಂತ ಹೇಳುದಿಲ್ಲ. ತೂಕ ಹಾಕಿದ್ರೆ ಗೋಣಿ ಭಾರ ಕಳೆದು ಮೊತ್ತ ಬರುವ ಹಾಗೆ ಹಳೇ ಶೀಟಲ್ಲಿ ಮ್ಯಾಕ್ರೋ ಅನ್ನುವ ಸಣ್ಣ ಪ್ರೋಗ್ರಾಂ ಇತ್ತು, ಅದು ಇಲ್ಲಿ ಓಡ್ಲಿಲ್ಲ, ಮಂಗಳೂರಿಂದ ಒಬ್ಬರನ್ನು ಕರೆಸಿ ಹೊಸತಾಗಿ ಬರೆಸ್ಬೇಕಾಯ್ತು. ಆ ಖರ್ಚನ್ನು ನಾನು ಹಳೇ ಸಾಫ್ಟ್‌ವೇರಿನ ಲೆಕ್ಕಕ್ಕೇ ಸೇರಿಸುದು, ಹೊರಗೆ ಬರ್ಲಿಕ್ಕೆ ಆಗದ ಹಾಗೆ ಕಟ್ಟಿಹಾಕಿದ್ದು ಅದೇ ಅಲ್ವಾ. ಆಡಿಟರ್ ಕಳಿಸುವ ಫೈಲಲ್ಲಿ ಕೆಲವೊಮ್ಮೆ ಸಾಲು ಆಚೀಚೆ ಆಗ್ತದೆ, ಅವರಿಗಾಗಿ ಒಂದು ಕಂಪ್ಯೂಟರಲ್ಲಿ ಹಳೆಯದ್ದನ್ನು ಉಳಿಸಿದ್ದೇವೆ, ಈ ಸಲ ಅಂಗಡಿಯ ಮೈಲಲ್ಲಿ, ಅಂಗಡಿಯ ಜಿಎಸ್‌ಟಿ ನಂಬರಲ್ಲಿ.

ಹಳೇ ಫೈಲುಗಳಲ್ಲಿ ಮೂರು ವರ್ಷದ್ದು ಬದಲಾಯಿಸಿ ಆಯ್ತು. ಬಾಕಿಯದ್ದು ಮಳೆಗಾಲಕ್ಕೆ, ಅಂಗಡಿಗೆ ಅಡಿಕೆ ಬರುದು ಕಮ್ಮಿ ಆದ ಮೇಲೆ.