ಕಂಡಷ್ಟನ್ನೇ ಹೇಳಿ ಬಂದ ದಿನ

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ. ಸಮನ್ಸ್ ಕೈಗೆ ಬಂದ ದಿನ ಈ ಗಾದೆಯನ್ನು ನನಗೆ ಎಷ್ಟು ಜನ ಹೇಳಿದರೋ! ನಾನು ಹೋಗಬೇಕಿದ್ದದ್ದು ಗೆಲ್ಲೋದಕ್ಕೂ ಅಲ್ಲ, ಸೋಲೋದಕ್ಕೂ ಅಲ್ಲ, ಸಾಕ್ಷಿ ಹೇಳೋದಕ್ಕೆ. "ಭಾವ, ಏನೂ ನೋಡಿಲ್ಲ ಅಂದ್ಬಿಡಿ. ಒಂದೇ ದಿನಕ್ಕೆ ಮುಗಿದುಹೋಗುತ್ತೆ" ಅಂತ ನನ್ನ ಹೆಂಡತಿಯ ತಮ್ಮ ಹೇಳಿದ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನಮ್ಮ ಕಡೆ ಕೋರ್ಟು ಅಂದರೆ ಎಲ್ಲರಿಗೂ ಅಷ್ಟು ಭಯ.

ಕೆಲವು ವರ್ಷದ ಹಿಂದೆ ನಮ್ಮೂರಿನ ಬಿ.ಎಚ್. ರಸ್ತೆಯಲ್ಲಿ, ನನ್ನ ಅಂಗಡಿ ಎದುರಿಗೇ, ಟೆಂಪೋ ಮತ್ತು ಬೈಕಿನ ನಡುವೆ ಅಪಘಾತ ಆಯಿತು. ಬೈಕಿನಲ್ಲಿದ್ದ ಹುಡುಗ ಆಸ್ಪತ್ರೆ ತಲುಪುವ ಮೊದಲೇ ತೀರಿಕೊಂಡ. ನಾನು ಗಿರಾಕಿಗೆ ಚಿಲ್ಲರೆ ಎಣಿಸಿ ಕೊಡ್ತಾ ಇದ್ದೆ. ದಡ್ ಅಂತ ಶಬ್ದ ಕೇಳಿ ತಲೆ ಎತ್ತಿದೆ. ಟೆಂಪೋ ರಸ್ತೆಯ ಬಲಗಡೆ ನಿಂತಿತ್ತು. ಹುಡುಗ ಮೋರಿ ಪಕ್ಕ ಬಿದ್ದಿದ್ದ. ನಾನು ಕಂಡದ್ದು ಇಷ್ಟೇ. ಗುದ್ದಿದ್ದನ್ನು ನೋಡಿಲ್ಲ.

ಸಂಜೆಯಾಗುವಷ್ಟರಲ್ಲಿ ಡ್ರೈವರ್ ಮುಖದ ವಿಡಿಯೊ ವಾಟ್ಸಾಪ್‌ನಲ್ಲಿ ಊರೆಲ್ಲ ಸುತ್ತಿತ್ತು. ಜನ ಅವನ ಕಾಲರ್ ಹಿಡಿದು ಎಳೆದಾಡುತ್ತಿದ್ದರು. ಕೆಳಗೆ "ಕೊಲೆಗಡುಕ" ಅಂತ ಬರೆದಿತ್ತು. ಕುಡಿದಿದ್ದ ಅಂತ ಒಬ್ಬರು, ಲೈಸೆನ್ಸೇ ಇಲ್ಲ ಅಂತ ಇನ್ನೊಬ್ಬರು. ಅವರಲ್ಲಿ ಎಷ್ಟೋ ಜನ ಅವತ್ತು ಊರಲ್ಲೇ ಇರಲಿಲ್ಲ. ಅವರನ್ನು ಯಾರೂ "ನೀನು ನೋಡಿದೆಯಾ?" ಅಂತ ಕೇಳಲಿಲ್ಲ.

ಸಮನ್ಸ್‌ನಲ್ಲಿದ್ದ ಕೇಸ್ ನಂಬರನ್ನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿ ನೋಡಿದೆ. ಯಾವ ಕಲಂ, ಹಿಂದೆ ಯಾವ ಯಾವ ದಿನ ವಾಯಿದೆ ಹೋಗಿದೆ, ಮುಂದೆ ಯಾವಾಗ, ಎಲ್ಲ ಬಂತು. ಐಪಿಸಿ 279 ಮತ್ತು 304ಎ, ಅಂದರೆ ಅಜಾಗರೂಕ ಚಾಲನೆ ಮತ್ತು ನಿರ್ಲಕ್ಷ್ಯದಿಂದ ಸಾವು. ಮೊದಲಾದರೆ ಇದಕ್ಕೆ ವಕೀಲರ ಗುಮಾಸ್ತರ ಹಿಂದೆ ಓಡಾಡಬೇಕಿತ್ತು. ಈಗ ಸತ್ತ ಹುಡುಗನ ತಾಯಿಯೂ ನೋಡಬಹುದು, ಡ್ರೈವರ್ ಹೆಂಡತಿಯೂ ನೋಡಬಹುದು. ಇದು ಸಣ್ಣ ವಿಷಯ ಅಲ್ಲ.

ಕೋರ್ಟಿನ ವರಾಂಡದಲ್ಲಿ ಆ ತಾಯಿ ಕಂಬಕ್ಕೆ ಒರಗಿ ಕೂತಿದ್ದರು. ಕೇಸಿನ ಕೆಲಸಕ್ಕೆ ಬಂದಿದ್ದ ಪೇದೆಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. "ಸಾರ್, ಸ್ವಲ್ಪ ಗಟ್ಟಿಯಾಗಿ ಹೇಳಿ. ಗುದ್ದಿದ್ದನ್ನೇ ಕಣ್ಣಾರೆ ನೋಡಿದೆ ಅನ್ನಿ. ಪಾಪ, ಆಯಮ್ಮನ ಮುಖ ನೋಡಿ." ನಾನು ಹಾಗೆ ಹೇಳದಿದ್ದರೂ ಪೊಲೀಸರು ಬರೆದುಕೊಂಡಿದ್ದ ನನ್ನ ಹೇಳಿಕೆಯಲ್ಲೂ ಹಾಗೇ ಇತ್ತು. ಆ ಹೇಳಿಕೆಗೆ ಸಾಕ್ಷಿಯ ಸಹಿ ಇರುವುದಿಲ್ಲ, ಅದೇ ಸಾಕ್ಷ್ಯವೂ ಆಗುವುದಿಲ್ಲ. ನ್ಯಾಯಾಧೀಶರ ಮುಂದೆ ಪ್ರಮಾಣ ಮಾಡಿ ಹೇಳಿದ್ದಷ್ಟೇ ಲೆಕ್ಕಕ್ಕೆ. ಆ ತಾಯಿಯ ಕಡೆ ನೋಡಿದರೆ ಕರುಳು ಕಿತ್ತು ಬರುತ್ತಿತ್ತು. ಆದರೆ ಕಾಣದ್ದನ್ನು ಕಂಡೆ ಅಂದರೆ ಅವರ ಮಗನಿಗೆ ನ್ಯಾಯ ಸಿಕ್ಕ ಹಾಗೆ ಆಗಲ್ಲ. "ಕಂಡಷ್ಟು ಹೇಳ್ತೀನಿ ಸಾರ್" ಅಂದೆ.

ಮಧ್ಯಾಹ್ನದ ಹೊತ್ತಿಗೆ ನನ್ನ ಹೆಸರು ಕೂಗಿದರು. ದೇವರ ಮೇಲೆ ಪ್ರಮಾಣ ಆಯಿತು. ಹಿಂದುಗಡೆ ಕಟಕಟೆಯಲ್ಲಿ ಡ್ರೈವರ್ ಕೈಕಟ್ಟಿ ನಿಂತಿದ್ದ. ವಿಡಿಯೊದಲ್ಲಿ ಕಂಡಿದ್ದಕ್ಕಿಂತ ತುಂಬಾ ಇಳಿದುಹೋಗಿದ್ದ. ಸರ್ಕಾರಿ ವಕೀಲರು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದೆ. ಗುದ್ದಿದ್ದನ್ನು ನೋಡಿಲ್ಲ ಅಂದಾಗ ಅವರಿಗೆ ಅಸಮಾಧಾನ ಆಯಿತು. ಪೊಲೀಸರ ಮುಂದೆ ಹಾಗೆ ಹೇಳಿದ್ದಿರಲ್ಲ ಅಂತ ಕೇಳಿದರು. ಹೇಳಿಲ್ಲ ಅಂದೆ.

ಆಮೇಲೆ ಡ್ರೈವರ್ ಪರ ವಕೀಲರ ಪಾಟೀ ಸವಾಲು. ಅಂಗಡಿ ಒಳಗೆ ನಿಂತರೆ ರಸ್ತೆ ಪೂರ್ತಿ ಕಾಣುತ್ತಾ? ಮುಂದೆ ಬೋರ್ಡ್ ಅಡ್ಡ ಇದೆಯಲ್ಲ? ಹುಡುಗನ ಮನೆಯವರು ನಿಮ್ಮ ಗಿರಾಕಿಗಳಲ್ವಾ? ಜನ ಸೇರಿ ಟೆಂಪೋ ತಳ್ಳಿ ಬಲಗಡೆಗೆ ತಂದಿರಬಹುದಲ್ಲ? ಬೋರ್ಡ್ ಇದೆ, ಗಿರಾಕಿಗಳು ಹೌದು, ನಾನು ತಲೆ ಎತ್ತಿದಾಗ ಟೆಂಪೋ ಹತ್ತಿರ ಇನ್ನೂ ಯಾರೂ ಬಂದಿರಲಿಲ್ಲ ಅಂದೆ. ಕೊನೆಗೆ ನೀವು ಸುಳ್ಳು ಸಾಕ್ಷಿ ಹೇಳ್ತಾ ಇದ್ದೀರಿ ಅಂದರು. ಟೈಪಿಸ್ಟ್ ಹೊಡೆದರು: "ನಾನು ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ." ತುಂಬಿದ ಕೋರ್ಟಿನಲ್ಲಿ ಹೀಗೆ ಅನ್ನಿಸಿಕೊಳ್ಳೋದು ಯಾರಿಗೂ ಹಿತ ಅಲ್ಲ. ಆದರೂ ವಾಟ್ಸಾಪ್ ವಿಡಿಯೊ ನೆನಪಾಗಿ, ಈ ಪ್ರಶ್ನೆ ಕೇಳಿಸೋ ಹಕ್ಕು ಡ್ರೈವರ್‌ಗೆ ಇರಲೇಬೇಕು ಅನ್ನಿಸಿತು. ಆ ವಿಡಿಯೊವನ್ನು ಅವನು ಏನಂತ ಪ್ರಶ್ನೆ ಮಾಡಲು ಸಾಧ್ಯವಿತ್ತು? ಇಲ್ಲಿ ನಾನು ಎದುರಿಗೇ ನಿಂತಿದ್ದೆ. ನನ್ನ ಪ್ರತಿ ಮಾತನ್ನೂ ಅವನ ವಕೀಲರು ಜಗ್ಗಿ ನೋಡಬಹುದಿತ್ತು.

ಮುಗಿದ ಮೇಲೆ ಟೈಪ್ ಆದದ್ದನ್ನು ಓದಿ ಹೇಳಿದರು. "ಟೆಂಪೋ ಬಲಗಡೆಗೆ ಬಂದಿತು" ಅಂತ ಇತ್ತು. "ಸ್ವಾಮಿ, ಬಂದಿದ್ದು ನಾನು ನೋಡಿಲ್ಲ, ನಿಂತಿತ್ತು ಅಂದಿದ್ದು" ಅಂದೆ. ಕೋರ್ಟು ಒಂದು ನಿಮಿಷ ನಿಂತಿತು. ನ್ಯಾಯಾಧೀಶರು ನನ್ನ ಮುಖ ನೋಡಿ, ತಿದ್ದಿ ಅಂದರು. ತಿದ್ದಿದ ಹಾಳೆಗೆ ಸಹಿ ಹಾಕಿದೆ. ಸಾಕ್ಷಿಗೆ ಓದಿ ಹೇಳಬೇಕು, ತಪ್ಪಿದ್ದರೆ ಹೇಳಲು ಬಿಡಬೇಕು ಅನ್ನೋದು ಕಾನೂನಿನಲ್ಲೇ ಇದೆ. ಸಾಕ್ಷಿಗೆ ಹೋಗುವವರು ಸುಮ್ನೆ ಸಹಿ ಹಾಕಿ ಬರಬೇಡಿ. ಪೂರ್ತಿ ಕೇಳಿಸಿಕೊಳ್ಳಿ.

ನಮ್ಮ ಕೋರ್ಟುಗಳು ತೆರೆದ ಕೋರ್ಟುಗಳು. ಹಿಂದಿನ ಬೆಂಚಿನಲ್ಲಿ ಯಾರು ಬೇಕಾದರೂ ಕೂತು ಕೇಳಬಹುದು. ಅತ್ಯಾಚಾರದಂಥ ಕೇಸುಗಳಲ್ಲಿ ಮಾತ್ರ ಬಾಗಿಲು ಮುಚ್ಚುತ್ತಾರೆ, ಅದು ಸರಿಯೇ. ಕರ್ನಾಟಕ ಹೈಕೋರ್ಟಿನ ಕಲಾಪ ಈಗ ಯೂಟ್ಯೂಬ್‌ನಲ್ಲೇ ನೇರ ಬರುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ನ್ಯಾಯಮೂರ್ತಿಯೊಬ್ಬರು ಕಲಾಪದಲ್ಲಿ ಆಡಿದ ಮಾತಿನ ವಿಡಿಯೊ ತುಣುಕು ಎಲ್ಲ ಕಡೆ ಹರಿದಾಡಿದಾಗ ದೊಡ್ಡ ಗದ್ದಲ ಆಯಿತು. ಸುಪ್ರೀಂ ಕೋರ್ಟು ತಾನಾಗಿಯೇ ಅದನ್ನು ಕೈಗೆತ್ತಿಕೊಂಡಿತು. ಕಲಾಪ ಮುಚ್ಚಿಡೋದು ಇದಕ್ಕೆ ಪರಿಹಾರ ಅಲ್ಲ, ಇನ್ನೂ ಹೆಚ್ಚು ಬೆಳಕು ಬೀಳಬೇಕು ಅಂತ ಹೇಳಿತು. ನನಗೆ ಈ ಮಾತು ಪೂರ್ತಿ ಒಪ್ಪಿಗೆ. ಹಾಗಂತ ಎಲ್ಲರ ಹೆಸರೂ ಎಂದೆಂದಿಗೂ ಗೂಗಲ್‌ನಲ್ಲಿ ತೇಲಾಡಬೇಕಿಲ್ಲ. 2017ರಲ್ಲಿ ನಮ್ಮ ಹೈಕೋರ್ಟೇ ಒಂದು ಕೇಸಿನಲ್ಲಿ ಹೆಣ್ಣುಮಗಳೊಬ್ಬಳ ಹೆಸರು ಇಂಟರ್ನೆಟ್ ಹುಡುಕಾಟದಲ್ಲಿ ಸಿಗದ ಹಾಗೆ ನೋಡಿಕೊಳ್ಳಿ ಅಂತ ತನ್ನ ಕಚೇರಿಗೆ, ಅಂದರೆ ರಿಜಿಸ್ಟ್ರಿಗೆ, ಹೇಳಿತ್ತು. ಜನ ನೋಡಬೇಕಾದ್ದು ನ್ಯಾಯ ಹೇಗೆ ನಡೆಯುತ್ತೆ ಅನ್ನೋದನ್ನು. ಈ ಡ್ರೈವರ್ ನಾಳೆ ಖುಲಾಸೆಯಾದರೂ ಆ ವಿಡಿಯೊ ಯಾರದೋ ಫೋನಿನಲ್ಲಿ ಹಾಗೇ ಇರುತ್ತೆ. ಅದು ನನ್ನನ್ನು ಇವತ್ತಿಗೂ ಕೊರೆಯುತ್ತೆ.

ಕೇಸು ಇನ್ನೂ ಮುಗಿದಿಲ್ಲ. ಮಹಜರಿಗೆ ಸಹಿ ಹಾಕಿದ್ದ ಪಕ್ಕದ ಟೀ ಅಂಗಡಿ ಅಣ್ಣನಿಗೂ ಈಗ ಸಮನ್ಸ್ ಬಂದಿದೆ. ಟೆಂಪೋ ಮಾಲೀಕನ ಕಡೆಯವರು ಬಂದು ಟೀ ಕುಡಿದು, ಏನೂ ಮಾತಾಡದೆ ಒಂದು ಗಂಟೆ ಕೂತು ಹೋದರಂತೆ. ಅಣ್ಣ ಹೆದರಿದ್ದಾರೆ. ಸಾಕ್ಷಿಗಳ ರಕ್ಷಣೆಗೆ ಅಂತಲೇ 2018ರಲ್ಲಿ ಸುಪ್ರೀಂ ಕೋರ್ಟು ಒಂದು ಯೋಜನೆ ಒಪ್ಪಿತ್ತು, ಆದರೆ ಅದು ಮುಖ್ಯವಾಗಿ ದೊಡ್ಡ ಶಿಕ್ಷೆಯ ಅಪರಾಧಗಳಿಗೆ, ಇಂಥ ಕೇಸಿಗಲ್ಲ. ಬೆದರಿಕೆ ಹಾಕಿದರೆ ಕೋರ್ಟಿಗೇ ಹೇಳಬಹುದು ಅಂತ ಅಣ್ಣನಿಗೆ ಹೇಳಿದೆ. ಅವರಿಗೆ ಅಷ್ಟೊಂದು ಧೈರ್ಯ ಬಂದ ಹಾಗೆ ಕಾಣಲಿಲ್ಲ. "ನೀವು ಜೊತೆಗೆ ಬರ್ತೀರಾ?" ಅಂತ ಕೇಳಿದರು. ಬರ್ತೀನಿ ಅಂದಿದ್ದೇನೆ. ಹಿಂದಿನ ಬೆಂಚಿನಲ್ಲಿ ಕೂರೋದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲವಲ್ಲ.